ತಳಕ್ಕೆ ಒಂಬತ್ತು ತೂತು

ನಾನು ಒಂದು ನೀಲಿ ಪ್ಲಾಸ್ಟಿಕ್ ಡ್ರಮ್. ಕಾರ್ಖಾನೆಯ ಬಿಸಿ ಅಚ್ಚಿನಲ್ಲಿ ಹುಟ್ಟಿದೆ. ಮೊದಲು ಒಬ್ಬ ಉಪ್ಪಿನಕಾಯಿ ವ್ಯಾಪಾರಿಯ ಮಾವಿನ ಹೋಳು ಹೊತ್ತೆ. ಆಮೇಲೆ ಹುಬ್ಬಳ್ಳಿಯಲ್ಲಿ ನೀಲಗಂಗವ್ವನ ಮನೆ ಸೇರಿದೆ. ಅವಳ ಓಣಿಗೆ ವಾರಕ್ಕೊಮ್ಮೆ ನಲ್ಲಿ ನೀರು. ಐದು ಕೊಡ ತುಂಬಿಕೊಂಡು ಹನಿಯೂ ಸೋರದೆ ನಿಲ್ಲುತ್ತಿದ್ದ ನನಗೆ ಅವಳು ಹಬ್ಬದ ದಿನ ಕುಂಕುಮ ಹಚ್ಚುತ್ತಿದ್ದಳು. ನನಗೆ ಬಲು ಜಂಬವಿತ್ತು.

ದಿನವೂ ನೀರು ಬರತೊಡಗಿದಾಗ ನನ್ನ ಕೆಲಸ ಹೋಯಿತು. ಅದೇ ಹೊತ್ತಿಗೆ ಮೂರು ತಿಂಗಳ ಬಸುರಿ ಸೊಸೆ ಪ್ರಭಾವತಿ, "ಅತ್ತಿ, ಮನ್ಯಾಗ ಬೆಳದ ಕುಂಬಳಕಾಯಿದು ಗಾರಿಗಿ ತಿನ್ನಬೇಕನಸೇತ್ರಿ" ಎಂದಳು. ಬೆಲ್ಲ ಹಾಕಿ ಕರಿದ ಸಿಹಿ ಗಾರಿಗೆ, ಅದೂ ಬಯಕೆಯ ಮಾತು! ನೀಲಗಂಗವ್ವ ನನ್ನನ್ನು ಮಾಳಿಗೆಗೆ ಏರಿಸಿ, ಮಣ್ಣು ತುಂಬಿ ಬೀಜ ಊರಿದಳು. ಹೋಗುತ್ತ ಬರುತ್ತ ಬುಡಕ್ಕೆ ತಂಬಿಗೆ ತಂಬಿಗೆ ನೀರು ಸುರಿದಳು.

ಎರಡೇ ವಾರಕ್ಕೆ ಸಸಿಯ ಕಾಂಡ ಕಂದಿ, ಮೆತ್ತಗಾಗಿ ಮಲಗಿತು. ಕಿತ್ತರೆ ಬೇರು ಬೆಂದ ಈರುಳ್ಳಿಯ ಸಿಪ್ಪೆಯಂತೆ ಜಾರಿ ಬಂತು. ಮತ್ತೆ ಊರಿದ್ದೂ ಹಾಗೆಯೇ ಸತ್ತಿತು.

"ಈ ಹಾಳಾದ ಡ್ರಮ್ಮಿನ್ಯಾಗ ಏನೋ ವಿಷ ಐತಿ. ಗುಜರಿಗೆ ಹಾಕತೇನಿ" ಎಂದಳು ನೀಲಗಂಗವ್ವ. ಹೋಗಲು ದಾರಿಯಿಲ್ಲದ ನೀರು ನನ್ನ ಹೊಟ್ಟೆಯಲ್ಲಿ ಕೊಳೆತು ನಾರುತ್ತಿತ್ತು. ಹೇಳಲು ನನಗೆ ಬಾಯಿ ಎಲ್ಲಿದೆ?

ನರ್ಸರಿಯಲ್ಲಿ ದುಡಿದು ನಿವೃತ್ತನಾದ ಪಕ್ಕದ ಮನೆಯ ದಾವಲಸಾಬ ಬಂದು ಮಣ್ಣು ಮೂಸಿದ.

"ವಿಷ ಅಲ್ರೀ ಅಕ್ಕಾರ, ನಿಮ್ಮ ಮಾಯಾ-ಮಮತಾ ಹೆಚ್ಚಾಗಿ ನೀರು ಹೆಚ್ಚಾಗೇತಿ. ಬೇರಿಗೂ ಉಸಿರು ಬೇಕಲ್ಲ? ತಳಕ್ಕ ಒಂದರ ತೂತು ಐತೇನ್ರಿ?"

"ಅಯ್ಯ, ಇಷ್ಟ ಗಟ್ಟಿ ಡ್ರಮ್ಮಿಗೆ ತೂತು ಹಾಕಂತೀರೇನ್ರಿ ಅಣ್ಣಾರ?"

"ಹಂಗಾರ ಕುಂಬಳಕಾಯಿ ಬಿಟ್ಟು ನೀರು ಬೆಳೀರಿ!"

ನೀಲಗಂಗವ್ವನಿಗೆ ನಗು ತಡೆಯಲಾಗಲಿಲ್ಲ. ಕಾದ ಕಬ್ಬಿಣದ ಸರಳಿನಿಂದ ದಾವಲಸಾಬ ಒಂಬತ್ತು ತೂತು ಕೊರೆದ. ನನಗೆ ನೋವಿಗಿಂತ ನಾಚಿಕೆಯೇ ಹೆಚ್ಚಾಯಿತು. ಕೊಳೆತ ಮಣ್ಣು ಚೆಲ್ಲಿ, ನನ್ನನ್ನು ತೊಳೆದು ಒಣಗಿಸಿ, ಇಟ್ಟಿಗೆಯ ಮೇಲೆ ಕೂರಿಸಿದರು. ತಳಕ್ಕೆ ಒಡೆದ ಹೆಂಚು, ಮೇಲೆ ಹೊಸ ಮಣ್ಣು, ಮರಳು, ಚೆನ್ನಾಗಿ ಕಳಿತ ಗೊಬ್ಬರ. ಗೊಬ್ಬರಕ್ಕೆ ಒಂದು ಹಿಡಿ ಟ್ರೈಕೋಡರ್ಮಾ ಪುಡಿ ಬೆರೆಸಿ, "ಇದು ಬೇರಿಗೆ ಬೂಷ್ಟು ಹತ್ತದಂಗ ಕಾಯತೈತಿ" ಎಂದ. ಹೊಸ ಬೀಜ ಊರಿ ಎಚ್ಚರಿಸಿದ: "ಬೆರಳು ಹಾಕಿ ನೋಡ್ರಿ. ಮಣ್ಣು ಒಣಗಿದ್ರಷ್ಟ ನೀರು, ಅದೂ ಅಂಚಿಗೆ. ಕಾಂಡಕ್ಕ ಮುಟ್ಟಿಸಬ್ಯಾಡ್ರಿ."

ಅವಳ ಕೈ ಕೇಳಬೇಕಲ್ಲ! ತಂಬಿಗೆ ಹಿಡಿದು ಬರುವಳು, ಬೆರಳು ಅದ್ದುವಳು, ಗೊಣಗುತ್ತ ಹಿಂದಿರುಗುವಳು. ಒಮ್ಮೆ ನಾಲ್ಕು ದಿನ ಬಿಡದೆ ಮಳೆ ಹೊಡೆಯಿತು. ಅವಳು ಕೊಡೆ ಹಿಡಿದು ಓಡಿ ಬಂದಾಗ ನೀರು ಒಂಬತ್ತು ದಾರಿಯಲ್ಲಿ ಹರಿದುಹೋಗುತ್ತಿತ್ತು. ಬಳ್ಳಿ ನೆಟ್ಟಗೆ ನಿಂತಿತ್ತು.

ಅದು ಬಟ್ಟೆ ಒಣಹಾಕುವ ತಂತಿಯನ್ನೂ ಬಿಡದೆ ಹಬ್ಬಿ ಎರಡು ಕಾಯಿ ಕೊಟ್ಟಿತು. ಎಂಟನೆಯ ತಿಂಗಳಲ್ಲಿ ಪ್ರಭಾವತಿ ಮಾಳಿಗೆಯ ಮೇಲೆಯೇ ಕುಳಿತು ಬಿಸಿ ಗಾರಿಗೆ ತಿಂದಳು. ಒಂದು ತಟ್ಟೆ ದಾವಲಸಾಬನ ಮನೆಗೂ ಹೋಯಿತು.

ಈಗ ನನಗೆ ವಯಸ್ಸಾಗಿದೆ. ಬಿಸಿಲಿಗೆ ಬಣ್ಣ ಹೋಗಿ ಅಂಚು ಸೀಳಿದೆ. ಬೆಳೆ ಮುಗಿದಾಗ ಮಣ್ಣನ್ನು ಒಣಗಲು ಹರಡಿ ನನ್ನನ್ನು ಬೋರಲು ಹಾಕುತ್ತಾರೆ. ಬೆಳಗಿನ ಬಿಸಿಲಿಗೆ ನೀಲಗಂಗವ್ವ ಮೊಮ್ಮಗಳನ್ನು ತೊಡೆಯ ಮೇಲಿಟ್ಟುಕೊಂಡು ನನ್ನ ಮೇಲೆ ಕೂರುತ್ತಾಳೆ. ಉಪ್ಪಿನಕಾಯಿ, ನೀರು, ಮಣ್ಣು ಎಲ್ಲ ಹೊತ್ತಿದ್ದೇನೆ. ಆದರೆ ಕಾಲು ಬಡಿದು ನಗುವ ಭಾರವನ್ನು ಹೊತ್ತಿದ್ದು ಇದೇ ಮೊದಲು.