ಗೋಡೆಗೆ ಹೊದೆಸಿದ ರಗ್ಗು

ವನಮಾಲತ್ತೆ ಬೆಳಿಗ್ಗೆ ಎದ್ದವಳೇ ಮೊದಲು ನಡುಮನೆಯ ಗೋಡೆಯ ಮೇಲೆ ಅಂಗೈ ಇಡುತ್ತಿದ್ದಳು, ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡುವ ಹಾಗೆ. ಆಮೇಲೆ ಕೈಯನ್ನು ಸೆರಗಿಗೆ ಒರೆಸಿಕೊಂಡು, "ಇವತ್ತೂ ಇಳಿದಿಲ್ಲ," ಎನ್ನುತ್ತಿದ್ದಳು. ಆ ಮನೆಯೆಂದರೆ ನನಗೆ ಈಗಲೂ ಮೊದಲು ನೆನಪಾಗುವುದು ಆ ಒದ್ದೆ ಅಂಗೈ.

ಅವಳು ನನ್ನ ತಂದೆಯ ತಂಗಿ. ಗಂಡ ತೀರಿಕೊಂಡ ಮೇಲೆ ನಮ್ಮ ಅಡುಗೆಮನೆಯ ಮೂಲೆಯಲ್ಲಿ ಹಾಸಿಗೆ ಸುತ್ತಿಟ್ಟುಕೊಂಡು ವರ್ಷಗಟ್ಟಲೆ ಬದುಕಿದವಳು, ಹಪ್ಪಳ ಮಾರಿ ಕೂಡಿಸಿದ್ದರಲ್ಲಿ ಹಳೆಪೇಟೆಯ ಈ ಮನೆಯನ್ನು ಕೊಂಡಳು. ಅವಳಿಗೆ ಜೊತೆಯೆಂದು ನನ್ನನ್ನೂ ಅಲ್ಲಿಗೆ ಕಳಿಸಿದ್ದರು. ಮೊಳಕ್ಕಿಂತ ದಪ್ಪದ ಕಲ್ಲುಮಣ್ಣಿನ ಗೋಡೆ. ಅಗ್ಗಕ್ಕೆ ಸಿಕ್ಕಿದ್ದೇಕೆಂದು ಮೊದಲ ಮಳೆಗೇ ತಿಳಿಯಿತು. ತೇವ ಮೊಣಕಾಲೆತ್ತರಕ್ಕೆ ಏರಿತು. ಗೋಡೆಯ ಮೇಲೆ ಉಪ್ಪು ಬೆಳ್ಳಗೆ ಅರಳಿತು. ಡಬ್ಬಿಗಳಲ್ಲಿದ್ದ ಹಪ್ಪಳಕ್ಕೆ ಬೂಷ್ಟು ಹಿಡಿಯಿತು.

ಗವಿಯಪ್ಪ ಮೇಸ್ತ್ರಿ ಬಂದು ಗೋಡೆ ತಟ್ಟಿ ನೋಡಿದ. "ಥಂಡಿ ಹಿಡಿದಿದೆ ಕಣಕ್ಕ. ಬೆಚ್ಚಗೆ ಹೊದೆಸಬೇಕು."

ಆ ವರ್ಷ ಸಿಮೆಂಟು ಹೊದೆಸಿದ. ಮರುವರ್ಷ ಅದರ ಮೇಲೆ ಡಾಂಬರು. ಅದರ ಮರುವರ್ಷ ಹಸಿರು ಎಣ್ಣೆಬಣ್ಣ. ಪ್ರತಿ ಮಳೆಗಾಲವೂ ತೇವ ಆ ಹೊದಿಕೆಯ ಅಂಚು ದಾಟಿ ಇನ್ನಷ್ಟು ಮೇಲಿನಿಂದ ಇಣುಕುತ್ತಿತ್ತು.

"ಇನ್ನೊಂದು ಮಳೆಗಾಲ ಹೀಗೇ ಆದರೆ ಮನೆ ಮಾರಿ ಬಂದುಬಿಡು," ಎಂದರು ತಂದೆ. "ನಿನ್ನ ಮೂಲೆ ಹಾಗೇ ಇದೆ." ಪ್ರೀತಿಯಿಂದಲೇ ಹೇಳಿದ್ದು. ಆದರೆ ಮೂಲೆ ಎಂಬ ಮಾತಿಗೆ ಅತ್ತೆಯ ಮುಖ ಕಪ್ಪಿಟ್ಟಿತು.

ಬೇಸಿಗೆಯಲ್ಲಿ ಒಂದು ದಿನ ತಂದೆಯೇ ನೀಲಿ ಪ್ಲಾಸ್ಟಿಕ್ ಹಾಳೆಯೊಂದನ್ನು ತಂದರು. "ಹಳೇ ಸೀರೆ ಮೇಲೆ ಹಪ್ಪಳ ಹರಡೋದು ಸಾಕು ಮಾಡು. ಇದು ನೋಡು, ಒರೆಸಿದರೆ ಹೊಸದು."

ಅಣ್ಣನ ಮನಸ್ಸು ನೋಯಿಸಬಾರದೆಂದು ಅವಳು ಆ ದಿನದ ಹಪ್ಪಳವನ್ನೆಲ್ಲ ಮಾಳಿಗೆಯ ಮೇಲೆ ಅದರಲ್ಲೇ ಹರಡಿದಳು. ಮಧ್ಯಾಹ್ನ ಒಂದನ್ನು ಎತ್ತಿ ನೋಡಿದರೆ ಮೇಲೆ ಗರಿಗರಿ, ಕೆಳಗೆ ಹಸಿ. ಹಾಳೆಯ ಮೇಲೆ ಹನಿಗಳು ಕೂತಿದ್ದವು.

"ಅಣ್ಣಯ್ಯ, ಇದು ಬೆವರಿದೆ."

"ಹಪ್ಪಳ ಎಲ್ಲಾದರೂ ಬೆವರುತ್ತಾ? ಬಿಸಿಲು ನಿನ್ನ ತಲೆಗೆ ಏರಿದೆ."

ಅತ್ತೆ ಹಪ್ಪಳವನ್ನು ಕೈಯಲ್ಲಿ ಹಿಡಿದೇ ಮೆಟ್ಟಿಲಿಳಿದು ಓಡಿದಳು. ನಾನು ಹಿಂದೆಯೇ ಹೋದೆ. ಅವಳು ಹಸಿರು ಬಣ್ಣದ ಮೇಲೆ ಅಂಗೈ ಒತ್ತಿ ನಿಂತಿದ್ದಳು.

"ಇದು ಥಂಡಿಯಲ್ಲ, ಬೆವರು!" ಎಂದು ಕೂಗಿದಳು. "ಥಂಡಿಯಾದವರಿಗೆ ರಗ್ಗು ಹೊದೆಸಬೇಕು, ಬೆವರುವವರ ಮೈಮೇಲಿಂದ ಕಿತ್ತು ಬಿಸಾಡಬೇಕು. ನಾವು ಒಂದರ ಮೇಲೊಂದು ಹೊದೆಸುತ್ತಾ ಕೂತಿದ್ದೀವಲ್ಲ!"

ಹಾರೆ ತಂದು ಅವಳೇ ಮೊದಲ ಏಟು ಹಾಕಿದಳು. ಸುದ್ದಿ ಕೇಳಿ ಗವಿಯಪ್ಪ ಓಡಿಬಂದ.

"ಅಕ್ಕ, ನಾನು ಬಳಿದದ್ದನ್ನು ನನ್ನೆದುರೇ ಕೀಳ್ತೀಯಲ್ಲ!"

"ಎದುರು ನಿಂತು ಅಳೋ ಬದಲು ಉಳಿ ತಗೊಂಡು ಆ ಕಡೆಯಿಂದ ಶುರು ಮಾಡು."

ತಟ್ಟೆಯಗಲದ ಸಿಮೆಂಟಿನ ಹಕ್ಕಳೆಯೊಂದು ಕಳಚಿ ಬಿತ್ತು. ಅದರ ಬೆನ್ನಿನ ಮೇಲೂ ಹಾಳೆಯ ಮೇಲಿದ್ದಂಥವೇ ಹನಿಗಳು. ಗವಿಯಪ್ಪ ಅದನ್ನು ತಿರುಗಿಸಿ ತಿರುಗಿಸಿ ನೋಡಿದ. ಆಮೇಲೆ ಉಳಿ ಎತ್ತಿಕೊಂಡ.

ಒಳಗೂ ಹೊರಗೂ ಹೊದಿಕೆ ಕಿತ್ತರು. ಹೊರಗೋಡೆಗೆ ಒತ್ತಿಕೊಂಡಿದ್ದ ಮಣ್ಣು ತೆಗೆದು, ಸೂರಿನ ನೀರು ದೂರ ಹರಿಯಲು ಕಾಲುವೆ ತೋಡಿದರು. ಬೇಸಿಗೆಯಿಡೀ ಗೋಡೆ ಬೆತ್ತಲೆ ನಿಂತಿತ್ತು. ಬೀದಿಯವರಿಗೆ ಅದೊಂದು ತಮಾಷೆ.

"ವನಮಾಲಮ್ಮ, ನಿಮ್ಮ ಗೋಡೆಗೆ ಸೀರೆ ಉಡಿಸೋದು ಯಾವಾಗ?"

"ಮೈ ಆರಲಿ, ಉಡಿಸ್ತೀನಿ. ತೆಳ್ಳಗಿನ ಹತ್ತಿ ಸೀರೆ."

ಹತ್ತಿ ಸೀರೆಯೆಂದರೆ ಸುಣ್ಣದ ಗಾರೆ, ಮೇಲೊಂದು ಸುಣ್ಣದ ಬಳಿತ. ಒಳಗಿನ ತೇವ ಹೊರಬರಲು ಅದು ದಾರಿ ಬಿಡುತ್ತದೆ.

ಮಳೆ ಬಂತು. ಬಂದದ್ದು ನಿಲ್ಲಲಿಲ್ಲ. ಸುರಿಯುವ ಮಳೆಯಲ್ಲೇ ಒಂದು ದಿನ ತಂದೆ ಕಪ್ಪು ಕೋಟು ತೊಟ್ಟು, ಕೊಡೆ ಮಡಿಸುತ್ತಾ ಒಳಬಂದರು.

"ಕೊಳ್ಳೋರು ಸಿಕ್ಕಿದ್ದಾರೆ, ವನಮಾಲ. ಒಳ್ಳೇ ಜನ."

"ಮೊದಲು ಇಲ್ಲಿ ಕೈ ಇಡು, ಅಣ್ಣಯ್ಯ."

ತಂದೆ ಕೈ ಇಟ್ಟರು. ಬಗ್ಗಿ, ನೆಲದ ಹತ್ತಿರ ಇನ್ನೊಮ್ಮೆ ಇಟ್ಟರು. ಅಂಗೈಯನ್ನು ಕಿಟಕಿಯ ಬೆಳಕಿಗೆ ಹಿಡಿದರು.

"ಕೈಗೆ ಸುಣ್ಣ ಹತ್ತಿತು," ಎಂದರು, ಅದೇ ದೊಡ್ಡ ದೂರು ಎಂಬಂತೆ.

"ಹತ್ತಲಿ. ನೀರು ಹತ್ತಿತಾ?"

ಅತ್ತೆ ಡಬ್ಬಿಯಿಂದ ಹಪ್ಪಳ ತೆಗೆದು ಕೆಂಡದ ಮೇಲೆ ಸುಟ್ಟು ತಂದಳು. ತಂದೆ ಕಚ್ಚಿದ ಸದ್ದು ಆ ಮಳೆಯಲ್ಲೂ ಕೇಳಿಸಿತು. ಎರಡನೆಯದನ್ನು ಅವರೇ ಕೇಳಿದರು.

"ಅವರಿಗೆ ಬೇಡ ಅಂತ ಹೇಳಿಬಿಡಲಾ?"

"ಹೇಳು. ಹಾಗೇ ಅತ್ತಿಗೆಗೂ ಹೇಳು, ಆ ಮೂಲೆಯಲ್ಲಿ ಅಕ್ಕಿ ಡಬ್ಬ ಇಟ್ಟುಕೊಳ್ಳಲಿ."

ತಂದೆ ನಕ್ಕರು. ಅವರು ಕೊಡೆ ಬಿಚ್ಚುವಷ್ಟರಲ್ಲಿ ಅತ್ತೆ ಗೋಡೆಗೆ ಅಂಗೈ ಒತ್ತಿ ತೆಗೆದು, "ಹೋಗಿ ಬಾ ಅಣ್ಣಯ್ಯ," ಎಂದು ಅವರ ಬೆನ್ನು ತಟ್ಟಿದಳು.

ನಾವಿಬ್ಬರೂ ಬಾಗಿಲಲ್ಲಿ ನಿಂತು ನೋಡಿದೆವು. ನೀರು ಹರಿಯುತ್ತಿದ್ದ ಬೀದಿಯಲ್ಲಿ ತಂದೆ ಗಂಭೀರವಾಗಿ ನಡೆದು ಹೋಗುತ್ತಿದ್ದರು. ಕೊಡೆಯ ಕೆಳಗೆ, ಕಪ್ಪು ಕೋಟಿನ ನಟ್ಟನಡುವೆ, ಐದೂ ಬೆರಳು ಬಿಡಿಸಿದ ಬೆಳ್ಳನೆಯ ಒಣ ಅಂಗೈಯೊಂದು ಅವರ ಜೊತೆ ಊರೊಳಗೆ ಹೊರಟಿತ್ತು.