ಅಕ್ಕನ ರಿಪೋರ್ಟು ಸಿಕ್ಕಿಕೊಂಡ ಬೆಳಿಗ್ಗೆ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಅಕ್ಕ ಹೇಳುತ್ತಾಳೆ. ಆವತ್ತು ಅದು ಮೂಗನ್ನೂ ದಾಟಿ ಹೊರಗೆ ಬಂದಿತ್ತು. ಆಸ್ಪತ್ರೆಯ ಸರ್ವರ್ ಕೋಣೆಯ ಚಳಿಯಲ್ಲಿ ಎರಡು ಸ್ವೆಟರ್ ಹಾಕಿಕೊಂಡು ನಾನು ಕೂತಿದ್ದೆ. ಕೆಳಗಿನ ಮಹಡಿಯಲ್ಲಿ, ಡಾಕ್ಟರ ಕೋಣೆಯ ಎದುರಿನ ಬೆಂಚಿನ ಮೇಲೆ, ಅಕ್ಕ ತನ್ನ ಕುತ್ತಿಗೆಯ ಗಂಟಿನ ರಿಪೋರ್ಟಿಗಾಗಿ ಕಾಯುತ್ತಿದ್ದಳು. ಗಂಟಿನಿಂದ ಚೂರು ತೆಗೆದು ಲ್ಯಾಬಿಗೆ ಕಳಿಸಿದ್ದರು. ಅದು ಕ್ಯಾನ್ಸರೋ ಅಲ್ಲವೋ ಎಂಬ ಉತ್ತರವನ್ನು ಲ್ಯಾಬಿನವರು ಹಿಂದಿನ ಸಂಜೆಯೇ ಕಂಪ್ಯೂಟರಿಗೆ ಹಾಕಿದ್ದರು. ಡಾಕ್ಟರು ಅದನ್ನು ತೆರೆಯಲು ಹೋದರೆ ಪರದೆಯ ಮೇಲೆ ಒಂದು ಚಕ್ರ ತಿರುಗುತ್ತಿತ್ತು, ಅಷ್ಟೇ. ಲ್ಯಾಬಿನವರನ್ನು ಫೋನಿನಲ್ಲಿ ಕೇಳಿ ಹೇಳುವ ವಿಷಯ ಇದಲ್ಲ, ರಿಪೋರ್ಟನ್ನು ಕಣ್ಣಾರೆ ಓದದೆ ಬಾಯಿ ಬಿಡುವುದಿಲ್ಲ ಎಂದು ಅವರು ಹೇಳಿಬಿಟ್ಟಿದ್ದರು.

ಆ ಚಕ್ರ ಹಾಗೆ ತಿರುಗುತ್ತಲೇ ಇರದಂತೆ ನೋಡಿಕೊಳ್ಳುವುದಕ್ಕೇ ಆಸ್ಪತ್ರೆ ನನಗೆ ಸಂಬಳ ಕೊಡುವುದು.

ನನ್ನ ಮೇಲಧಿಕಾರಿಗೆ ನಾವೆಲ್ಲ ಇಟ್ಟ ಹೆಸರು ರೀಸ್ಟಾರ್ಟ್ ಸಾಹೇಬರು. ಯಾವ ಕಾಯಿಲೆಗೂ ಅವರ ಹತ್ತಿರ ಒಂದೇ ಮದ್ದು.

"ಒಂದ್ಸಲ ಆಫ್ ಮಾಡಿ ಆನ್ ಮಾಡಮ್ಮ."

"ಮಾಡಿದೆ ಸರ್. ಸ್ವಲ್ಪ ಹೊತ್ತು ಓಡ್ತು, ಆಮೇಲೆ ಮತ್ತೆ ನಿಂತ್ಹೋಯ್ತು."

"ಹಾಗಾದ್ರೆ ಇನ್ನೊಂದ್ಸಲ ಮಾಡು."

ಮಾಡಿದೆ. ಸರ್ವರ್ ಏಳುತ್ತಿದ್ದಂತೆ ಇಡೀ ಆಸ್ಪತ್ರೆ ಅದರ ಮೇಲೆ ಮುಗಿಬಿತ್ತು. ಡಾಕ್ಟರು ಒಳಗಿದ್ದ ರೋಗಿಯನ್ನು ನೋಡಿ ಮುಗಿಸಿ ಅಕ್ಕನ ರಿಪೋರ್ಟಿಗೆ ಕೈಹಾಕುವಷ್ಟರಲ್ಲಿ ಚಕ್ರ ಮತ್ತೆ ಶುರುವಾಗಿತ್ತು. ಸಾಹೇಬರ ಮುಖ ನೋಡಿದರೆ ಮೂರನೆಯ ಸಲ ಅದನ್ನೇ ಹೇಳುವವರ ಹಾಗಿದ್ದರು. ನಾನು ದುರುಗುಟ್ಟಿ ನೋಡಿದೆ. ಕಾಫಿ ತರುತ್ತೇನೆ ಎಂದು ಎದ್ದು ಹೋದರು.

ಯಾರನ್ನು ಅನುಮಾನಿಸಬೇಕು ಎಂಬುದರಲ್ಲಿ ಗೊಂದಲವಿರಲಿಲ್ಲ. ನಮ್ಮ ತಂತ್ರಾಂಶ ಒಂದು ಭಾಷೆ ಆಡುತ್ತದೆ, ದಾಖಲೆಗಳನ್ನೆಲ್ಲ ಇಟ್ಟುಕೊಂಡಿರುವ ಡೇಟಾಬೇಸ್ ಇನ್ನೊಂದು. ಅವೆರಡರ ನಡುವೆ ಮಾತು ದಾಟಿಸುವ ದುಭಾಷಿಯೇ ಡ್ರೈವರ್. ಹಿಂದಿನ ಸಂಜೆ ಹಳೆಯ ಡ್ರೈವರನ್ನು ಬೀಳ್ಕೊಟ್ಟು ಹೊಸದನ್ನು ಕೂರಿಸಿದ್ದೆವು. ಆದರೆ ದುಭಾಷಿಗೆ ಭಾಷೆಯೇ ಬಾರದಿದ್ದರೆ ಒಂದು ಮಾತೂ ದಾಟಬಾರದಿತ್ತು. ಇಲ್ಲಿ ಮೊದಮೊದಲು ಸಲೀಸಾಗಿ ದಾಟಿ, ಆಮೇಲೆ ಬಾಯಿ ಕಟ್ಟುತ್ತಿತ್ತು. ನೆಟ್‌ವರ್ಕ್ ನೋಡಿದೆ, ಸರಿಯಿತ್ತು. ಪಾಸ್‌ವರ್ಡ್ ಸರಿಯಿತ್ತು.

ಉಳಿದದ್ದು ಡೇಟಾಬೇಸ್. ತಂತ್ರಾಂಶವನ್ನು ಬದಿಗಿಟ್ಟು ನೇರವಾಗಿ ಅದರೊಳಗೇ ಹೋಗಿ, ಒಬ್ಬ ರೋಗಿಯ ದಾಖಲೆ ಕೇಳಿ ನೋಡುವುದು ವಾಡಿಕೆ. ಇದಕ್ಕೆಂದೇ ನಾವು ಒಬ್ಬ ಸುಳ್ಳು ರೋಗಿಯನ್ನು ಹುಟ್ಟಿಸಿಟ್ಟಿದ್ದೇವೆ. ಅವನಿಗೆ ವಯಸ್ಸು ನೂರಿಪ್ಪತ್ತು, ಜಗತ್ತಿನಲ್ಲಿರುವ ಕಾಯಿಲೆಗಳೆಲ್ಲ ಇವೆ, ಆದರೂ ಪುಣ್ಯಾತ್ಮ ಗಟ್ಟಿಮುಟ್ಟಾಗಿದ್ದಾನೆ. ಅವನ ಸಂಖ್ಯೆ ಹಾಕಲು ಹೋದ ನನ್ನ ಬೆರಳುಗಳು ಅಕ್ಕನ ಸಂಖ್ಯೆ ಹಾಕಿದವು.

ಅದು ನನಗೆ ಬಾಯಿಪಾಠವಾಗಿತ್ತು. ಇನ್ನು ಒಂದು ಗುಂಡಿ ಒತ್ತಿದರೆ ಸಾಕು, ಉತ್ತರ ನನ್ನ ಮುಂದೆ. ಬೇರೆಯವರ ದಾಖಲೆ ನೋಡಬಾರದು ಎಂಬ ನಿಯಮವೇನೋ ಇದೆ. ಆದರೆ ನಿಜ ಹೇಳುತ್ತೇನೆ, ನನ್ನ ಕೈ ಹಿಡಿದದ್ದು ನಿಯಮವಲ್ಲ. ಬೆಳಿಗ್ಗೆ ಬಸ್ಸಿನಲ್ಲಿ ಅಕ್ಕ ಒಂದು ಮಾತು ಹೇಳಿದ್ದಳು. "ನೋಡೇ, ನಿಂಗೆ ಅಲ್ಲಿ ಎಲ್ಲಾ ಕಾಣ್ಸುತ್ತೆ ಅಂತ ಗೊತ್ತು. ನೀನು ನೋಡ್ಬೇಡ. ನನ್ನ ಸುದ್ದಿ ನಂಗೆ ಮೊದ್ಲು ಗೊತ್ತಾಗ್ಲಿ. ನಿನ್ನ ಮುಖ ನೋಡಿ ನಾನು ತಿಳ್ಕೊಳ್ಳೋದು ಬೇಡ."

ಅಮ್ಮ ಹೋದಮೇಲೆ ನನಗೆ ತಲೆ ಬಾಚಿ ಶಾಲೆಗೆ ಕಳಿಸಿದವಳು ಅವಳು. ಹೊಲಿಗೆ ಯಂತ್ರ ತುಳಿದು ನನ್ನನ್ನು ಓದಿಸಿದವಳು. ಅವಳಿಲ್ಲದ ಮನೆ ಹೇಗಿರುತ್ತದೆ ಎಂದು ಯೋಚಿಸಲು ನನ್ನಿಂದ ಆಗುತ್ತಿರಲಿಲ್ಲ. ಒಂದೊಂದೇ ಅಂಕಿ ಅಳಿಸಿದೆ. ಸುಳ್ಳು ರೋಗಿಯ ಸಂಖ್ಯೆ ಹಾಕಿದೆ. ಕಣ್ಣು ಮಿಟುಕಿಸುವುದರೊಳಗೆ ಅವನ ಕಾಯಿಲೆಗಳೆಲ್ಲ ಸಾಲಾಗಿ ಬಂದವು.

ಅಂದರೆ ಡೇಟಾಬೇಸಿನ ತಪ್ಪೂ ಅಲ್ಲ. ತಂತ್ರಾಂಶದಿಂದ ಅದಕ್ಕೆ ಹೋಗುವ ದಾರಿಗಳು ಇಷ್ಟೇ ಎಂದು ನಿಗದಿಯಾಗಿವೆ. ಆ ದಾರಿಗಳ ಪಟ್ಟಿ ತೆಗೆದು ನೋಡಿದೆ. ಒಂದೂ ಖಾಲಿಯಿರಲಿಲ್ಲ. ತಮಾಷೆಯೆಂದರೆ ಒಂದರಲ್ಲೂ ಕೆಲಸ ನಡೆಯುತ್ತಿರಲಿಲ್ಲ. ಸೀಟಿಗೆ ಟವೆಲ್ ಹಾಕಿ ಹೋದವರ ಹಾಗೆ ಯಾರೋ ಎಲ್ಲವನ್ನೂ ಹಿಡಿದಿಟ್ಟಿದ್ದರು. ಮುಕ್ಕಾಲು ಪಾಲು ಲ್ಯಾಬಿನವು.

ಬುಸುಗುಡುತ್ತಾ ಲ್ಯಾಬಿಗೆ ಹೋದೆ. ಅಲ್ಲಿ ಮೇಜಿಗೊಂದರಂತೆ ಕಂಪ್ಯೂಟರುಗಳು, ಒಂದೊಂದರ ಮೇಲೂ ಬಿಳಿ ಬಟ್ಟೆ ಹೊದಿಸಿತ್ತು. ಬಟ್ಟೆ ಎತ್ತಿ ನೋಡಿದರೆ ರಿಪೋರ್ಟಿನ ಪುಟಗಳು ತೆರೆದೇ ಇದ್ದವು. ಪುಟವೊಂದಕ್ಕೆ ಒಂದು ದಾರಿ.

"ಇವನ್ನೆಲ್ಲ ಯಾಕೆ ಮುಚ್ಚಲ್ಲ ಮೇಡಂ?" ಎಂದೆ.

ಲ್ಯಾಬಿನ ಮುಖ್ಯಸ್ಥೆ ಕೈಗವಸು ತೆಗೆಯುತ್ತಾ ಬಂದರು. "ನೀವೇ ತಾನೆ ಅಷ್ಟುದ್ದ ಪಾಸ್‌ವರ್ಡ್ ಇಟ್ಟಿರೋದು? ಪ್ರತೀ ಸಲ ಗ್ಲೌಸ್ ಬಿಚ್ಚಿ ಅದನ್ನ ಹೊಡೀತಾ ಕೂತ್ರೆ ರಕ್ತ ನೋಡೋರು ಯಾರು? ಮುಚ್ಚಲ್ಲ, ಬಟ್ಟೆ ಹಾಕಿ ಬಿಡ್ತೀವಿ. ಮೊದ್ಲಿಂದ್ಲೂ ಹೀಗೇನೇ. ಆವಾಗೆಲ್ಲ ಆಗ್ದಿದ್ದು ಇವತ್ತು ನಮ್ಮಿಂದ ಆಯ್ತಾ?"

ಜಗಳಕ್ಕೆಂದೇ ಹೋಗಿದ್ದವಳು ಜಗಳ ಮರೆತು ಯೋಚಿಸತೊಡಗಿದೆ. ಹೌದಲ್ಲ. ಪುಟ ಹತ್ತು ನಿಮಿಷ ಸುಮ್ಮನಿದ್ದರೆ ಡ್ರೈವರ್ ತಾನಾಗಿ ಆ ದಾರಿಯನ್ನು ವಾಪಸ್ ಕಿತ್ತುಕೊಳ್ಳಬೇಕು. ಹಳೆಯದು ದಿನವೂ ಹಾಗೆ ಮಾಡುತ್ತಿತ್ತು. ಹೊಸದು ಯಾಕೆ ಮಾಡುತ್ತಿಲ್ಲ?

ಓಡಿ ಬಂದು ಎರಡೂ ಡ್ರೈವರುಗಳ ಕೈಪಿಡಿಗಳನ್ನು ಪಕ್ಕಪಕ್ಕದಲ್ಲಿ ತೆರೆದೆ. ಹಳೆಯ ಸೆಟ್ಟಿಂಗುಗಳನ್ನು ಸಾಹೇಬರು ಇದ್ದ ಹಾಗೇ ಎತ್ತಿ ಹೊಸದಕ್ಕೆ ಹಾಕಿದ್ದರು. ನಾನೂ ಕಣ್ಣಾಡಿಸಿ ಸರಿ ಎಂದಿದ್ದೆ. ಅದರಲ್ಲಿ ಕಾಯುವ ಹೊತ್ತು ಆರು ಲಕ್ಷ ಎಂದಿತ್ತು. ಹಳೆಯ ಡ್ರೈವರ್ ಎಣಿಸುತ್ತಿದ್ದುದು ಸೆಕೆಂಡಿನ ಸಾವಿರದ ಒಂದು ಪಾಲಿನ ಲೆಕ್ಕದಲ್ಲಿ. ಹಾಗಾಗಿ ಹತ್ತು ನಿಮಿಷ. ಹೊಸದು ಎಣಿಸುವುದು ಸೆಕೆಂಡುಗಳಲ್ಲಿ. ಪಾಪ, ಅದು ಹೇಳಿದ್ದನ್ನು ಚಾಚೂ ತಪ್ಪದೆ ಪಾಲಿಸಿ, ಪ್ರತಿಯೊಂದು ಪುಟಕ್ಕೂ ಹೆಚ್ಚೂಕಡಿಮೆ ಒಂದು ವಾರ ಕಾಯಲು ಹೊರಟಿತ್ತು.

ಗುಡ್ಡ ಅಗೆದು ಇಲಿ ಹಿಡಿದಂತಾಯಿತು. ಆದರೆ ಆ ಇಲಿಯನ್ನು ಕಂಡು ನನಗಾದ ಸಂತೋಷ ಅಷ್ಟಿಷ್ಟಲ್ಲ. ಆರು ಲಕ್ಷವನ್ನು ಆರುನೂರು ಮಾಡಿದೆ. ಕಾಫಿ ಹಿಡಿದು ಬಂದ ಸಾಹೇಬರಿಗೆ, "ಈಗ ನಿಮ್ಮ ಮದ್ದು ಕೊಡೋಣ ಸರ್," ಎಂದೆ. ರೀಸ್ಟಾರ್ಟ್ ಗುಂಡಿಯನ್ನು ಅವರೇ ಒತ್ತಿದರು. ದಾರಿಗಳು ತುಂಬಿದವು. ಉಗುರು ಕಚ್ಚುತ್ತಾ ಕಾದೆವು. ಹತ್ತು ನಿಮಿಷ ಕಳೆದಂತೆ ಒಂದು ದಾರಿ ತೆರವಾಯಿತು, ಅದರ ಹಿಂದೆ ಇನ್ನೊಂದು. ಕೆಳಗಿನಿಂದ ನರ್ಸ್ ಫೋನ್ ಮಾಡಿ, ರಿಪೋರ್ಟುಗಳು ತೆರೆಯುತ್ತಿವೆ, ನಿಮ್ಮ ಅಕ್ಕ ಒಳಗೆ ಹೋದರು ಎಂದರು.

ಇನ್ನು ನನಗೆ ಮಾಡಲು ಕೆಲಸವಿರಲಿಲ್ಲ, ಅದೇ ಕಷ್ಟವಾಯಿತು. ಕೆಳಗೆ ಹೋಗದೆ ಅಲ್ಲೇ ದಾರಿಗಳ ಪಟ್ಟಿ ನೋಡುತ್ತಾ ಕೂತೆ. ಕಾಫಿ ಕೈಯಲ್ಲೇ ಆರಿತು.

ಬಾಗಿಲು ತಳ್ಳಿಕೊಂಡು ಅಕ್ಕನೇ ಮೇಲೆ ಬಂದಳು. ಬೆಳಿಗ್ಗೆ ಮನೆಯಿಂದ ತಂದಿದ್ದ ಗಿರಾಕಿಯ ಅಂಗಿ ಅವಳ ಮುಂಗೈ ಮೇಲೆ ಜೋತುಬಿದ್ದಿತ್ತು. ಸುಮ್ಮನೆ ಕೂತು ಏನು ಮಾಡಲಿ, ತೋಳಿನ ತುದಿ ಮಡಿಸಿ ಹೊಲಿಯುತ್ತೇನೆ ಎಂದಿದ್ದಳು. ಬಸ್ಸಿನಲ್ಲೂ ಅವಳು ಹೊಲಿಯುತ್ತಲೇ ಇದ್ದಳು. ಇವಳಿಗೆ ಹೆದರಿಕೆ ಎಂಬುದೇ ಇಲ್ಲವಾ ಎಂದು ನನಗೆ ಒಳಗೊಳಗೇ ಸಿಟ್ಟೂ ಬಂದಿತ್ತು.

"ಏನೂ ಇಲ್ವಂತೆ ಕಣೇ," ಎಂದಳು. "ಬರೀ ಕೊಬ್ಬಿನ ಗಂಟಂತೆ. ಇದ್ರೆ ಇರ್ಲಿ, ಬೇಡ ಅನ್ಸಿದ್ರೆ ತೆಗ್ಸು ಅಂದ್ರು."

ಹೋದ ಜೀವ ಬಂತು. ಅವಳ ಕೈ ಹಿಡಿದುಕೊಂಡೆ. ಸಾಹೇಬರು ಯಾವುದೋ ತಂತಿಯನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು.

"ನೀನು ಮೊದ್ಲೇ ನೋಡಿದ್ಯಾ?" ಎಂದು ಅಕ್ಕ ಕೇಳಿದಳು.

"ಇಲ್ಲ ಅಕ್ಕ."

"ಸರಿ. ಇದನ್ನ ಸ್ವಲ್ಪ ಹಿಡ್ಕೋ, ಕಣ್ಣೊರಸ್ಕೋತೀನಿ," ಎಂದು ಅಂಗಿಯನ್ನು ನನ್ನ ಕೈಗಿತ್ತಳು. ಹಿಡಿದು ನೋಡಿದೆ. ತೋಳಿನ ತುದಿಯುದ್ದಕ್ಕೂ ಅವಳ ಒತ್ತಾದ, ಚೊಕ್ಕ ಹೊಲಿಗೆ. ಆದರೆ ಮುಂದಿನ ಬಟ್ಟೆಗೆ ಹಿಂದಿನ ಬಟ್ಟೆಯನ್ನೂ ಸೇರಿಸಿ ತೋಳಿನ ಬಾಯನ್ನೇ ಹೊಲಿದುಬಿಟ್ಟಿದ್ದಳು. ಕೈ ಹಾಕಿದರೆ ಹೊರಗೆ ಬರಲು ದಾರಿಯೇ ಇರಲಿಲ್ಲ. ಎರಡೂ ತೋಳು ಹಾಗೇ.

ನಾನು ಅದನ್ನು ಎತ್ತಿ ತೋರಿಸಿದೆ. ಅಕ್ಕ ನೋಡಿದಳು, ನಕ್ಕಳು, ನಗುತ್ತಾ ನಗುತ್ತಾ ನನ್ನ ಹೆಗಲ ಮೇಲೆ ತಲೆಯಿಟ್ಟು ಅತ್ತಳು. ಆಮೇಲೆ ಆ ಚಳಿಯಲ್ಲಿ ನನ್ನದೊಂದು ಸ್ವೆಟರ್ ಅವಳಿಗೆ ಹಾಕಿ, ಅಂಗಿಯ ಒಂದೊಂದು ತೋಳು ಹಿಡಿದು, ಇಬ್ಬರೂ ಕೂತು ಹೊಲಿಗೆ ಬಿಚ್ಚಿದೆವು.