ನಿಷ್ಕಲ್ಮಶ ನಗು

ಹಾಸ್ಯಚಿತ್ರವೊಂದರಲ್ಲಿ ಬೈದವರಿಗೂ ಹಲ್ಲು ಕಿರಿಯುವ ಹುಡುಗಿಯೊಬ್ಬಳ ಪಾತ್ರಕ್ಕೆ ದನಿ ಕೊಡಲು ಬಂದಿದ್ದ ಹಿರಿಯ ಡಬ್ಬಿಂಗ್ ಕಲಾವಿದೆಗೆ ಆ ಹುಡುಗಿಯನ್ನು ಕಂಡರೇ ಮೈ ಉರಿಯುತ್ತಿತ್ತು. ಮನೆ ಮಾಲೀಕ ಸಾಮಾನು ಹೊರಗೆಸೆದರೂ ನಗು, ಸ್ವಂತ ಅಕ್ಕ ಮುಖಕ್ಕೆ ಬಾಗಿಲು ಬಡಿದರೂ ನಗು. ಇವಳ ತಲೆಯಲ್ಲಿರುವುದು ಮೆದುಳೋ ಹತ್ತಿಯೋ ಎಂದುಕೊಳ್ಳುತ್ತಲೇ ಆಕೆ ಮೈಕಿನ ಮುಂದೆ ಒಂಬತ್ತು ಸಲ ನಕ್ಕಳು. ಒಂಬತ್ತೂ ಕೆಮ್ಮಿದಂತೆ ಕೇಳಿಸಿದವು.

ಗಾಜಿನಾಚೆಯಿಂದ ನಿರ್ದೇಶಕ, "ಅಮ್ಮಾ, ಸ್ವಲ್ಪ ಮನಸ್ಸಿಟ್ಟು ನಗಿ. ಅವಳಿಗೆ ಎಲ್ಲರ ಮೇಲೂ ಪ್ರೀತಿ," ಎಂದ.

"ಅದಕ್ಕೇ ಎಲ್ಲರೂ ಅವಳ ತಲೆ ಮೇಲೆ ಕೂತಿರೋದು," ಎಂದಳು ಆಕೆ.

ಪರದೆಯ ಮೇಲೆ ದೃಶ್ಯ ಮತ್ತೆ ಓಡಿತು. ಹುಡುಗಿ ಮುಚ್ಚಿದ ಬಾಗಿಲಿಗೇ "ಬರ್ತೀನಿ ಅಕ್ಕಾ" ಎಂದು ಟಾಟಾ ಮಾಡಿದಳು. ಎಂಥ ಪೆದ್ದಿ! ಕಲಾವಿದೆಗೆ ತಡೆಯಲಾಗಲಿಲ್ಲ. ತಾತ್ಸಾರವೆಲ್ಲ ಹೊಟ್ಟೆಯಿಂದ ಉಕ್ಕಿ ಬಂದು, ಕಣ್ಣಲ್ಲಿ ನೀರಾಡುವಷ್ಟು ನಕ್ಕಳು.

"ಇದೇ ಅಮ್ಮಾ, ಇದೇ ಬೇಕಾಗಿದ್ದಿದ್ದು! ಎಂಥ ನಿಷ್ಕಲ್ಮಶ ನಗು!" ಎಂದು ನಿರ್ದೇಶಕ ಕುಣಿದಾಡಿಬಿಟ್ಟ.

ಚಿತ್ರ ಚೆನ್ನಾಗಿ ಓಡಿತು. ಆ ನಗು ಬಂದಾಗ ಚಿತ್ರಮಂದಿರದ ಜನ ಮನಸೋತು ಕಣ್ಣೊರೆಸಿಕೊಂಡರು. ಹಿಂದಿನ ಸಾಲಿನಲ್ಲಿ ಕುಳಿತಿದ್ದ ಕಲಾವಿದೆಗೆ ಅವರನ್ನು ನೋಡಿ, ಈ ಪೆದ್ದರಿಗಿಂತ ಆ ಹುಡುಗಿಯೇ ಎಷ್ಟೋ ವಾಸಿ ಅನ್ನಿಸಿತು. ಮಧ್ಯಂತರಕ್ಕೇ ಎದ್ದು ಮನೆಗೆ ನಡೆದಳು.